ಪರದೆಯ ಮೇಲಿನ ಸೀಮೆಹಸು

ಅವರ ಸೆರಗಿನ ಒಂದು ಮೂಲೆ ಯಾವಾಗಲೂ ಒದ್ದೆ. ಹಾಲು ಹಿಡಿಯುವ ಹೊತ್ತಿನಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಹನಿ ಚಿಮ್ಮಿದರೆ ಅದೇ ಮೂಲೆಯಿಂದ ಒರೆಸುತ್ತಿದ್ದರು. ಬೇರೆ ಬಟ್ಟೆ ಹುಡುಕುವಷ್ಟು ಪುರಸೊತ್ತು ಎಲ್ಲಿ? ಒರೆಸುವಾಗ ಬಳೆಗಳನ್ನು ಮೊಣಕೈ ತನಕ ಏರಿಸಿಕೊಂಡು, ನಾಲಿಗೆಯ ತುದಿಯನ್ನು ತುಟಿಗಳ ನಡುವೆ ಹಿಡಿದು, ಮಗುವಿನ ಮೂಗು ಒರೆಸುವಷ್ಟು ಹುಷಾರಾಗಿ ಒರೆಸುತ್ತಿದ್ದರು. ತುರುಬಿನಲ್ಲಿ ಕನಕಾಂಬರ ಇಲ್ಲದ ದಿನವನ್ನು ನಾನು ನೋಡಿಲ್ಲ. ಎಂದೋ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಬಲಗೈ ತೋರುಬೆರಳಿನ ಉಗುರು ಸೀಳಿಹೋಗಿತ್ತು. ಆ ಒಂದೇ ಬೆರಳಿನಿಂದ ಇಡೀ ಕೀಬೋರ್ಡನ್ನು ಆಳುತ್ತಿದ್ದರು.

ಕಾಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರೇ ನಡೆಸುವ ಹಾಲಿನ ಸಂಘಕ್ಕೆ ಅವರು ಕಾರ್ಯದರ್ಶಿ. ಊರಿನವರ ಬಾಯಲ್ಲಿ ಡೈರಿ ಅಕ್ಕ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ನಾನು ಕೆ.ಜಿ.ಎಫ್‌ನ ಕೋರಮಂಡಲ್‌ನವಳು. ಬಂಗಾರಪೇಟೆ ಜಂಕ್ಷನ್ ಹತ್ತಿರ ಒಂದು ಬೇಕರಿಯ ಮೇಲಿನ ಎರಡು ಕೋಣೆಯ ಕಂಪನಿಯಲ್ಲಿ ನನಗೆ ಕೆಲಸ. ಹಾಲಿನ ಸಂಘಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಡುವುದು, ಅದು ಕೈಕೊಟ್ಟಾಗ ಬಸ್ಸು ಹತ್ತಿ ಹೋಗಿ ಸರಿಮಾಡುವುದು. ಹಾಗೆ ಸರಿಮಾಡಲು ಹೋದವಳಿಗೆ ಅವರ ಪರಿಚಯವಾಯಿತು.

ಡೈರಿಯ ಕೆಲಸ ನೋಡಲು ಸುಲಭ. ಸಾಲಿನಲ್ಲಿ ಬಂದವಳು ತಂದ ಹಾಲನ್ನು ತೂಕಕ್ಕೆ ಸುರಿಯುತ್ತಾಳೆ. ಅದರಲ್ಲಿ ಒಂದಿಷ್ಟನ್ನು ಯಂತ್ರ ಹೀರಿಕೊಂಡು ಜಿಡ್ಡು ಎಷ್ಟಿದೆ ಎಂದು ಅಳೆಯುತ್ತದೆ. ಅದಕ್ಕೆ ಅಲ್ಲಿ ಎಲ್ಲರೂ ಫ್ಯಾಟ್ ಎನ್ನುತ್ತಾರೆ. ಫ್ಯಾಟ್ ಪರದೆಯ ಮೇಲೆ ಬರುತ್ತದೆ, ಅದರ ಮೇಲೆ ಹಾಲಿನ ಬೆಲೆ. ಹೆಂಗಸರಿಗೆ ಕಾಣಲಿ ಎಂದೇ ಪರದೆಯನ್ನು ಸಾಲು ನಿಲ್ಲುವ ಕಿಟಕಿಯ ಕಡೆ ಓರೆಯಾಗಿ ತಿರುಗಿಸಿ ಇಟ್ಟಿರುತ್ತಾರೆ. ಆ ಒಂದು ಅಂಕಿಯನ್ನು ನೋಡುವ ಮುಖಗಳನ್ನು ನೀವು ನೋಡಬೇಕು. ಪರೀಕ್ಷೆಯ ಫಲಿತಾಂಶದ ದಿನ ಸ್ಕೂಲಿನ ಮುಂದೆ ನಿಂತವರ ಮುಖ, ದಿನಕ್ಕೆ ಎರಡು ಹೊತ್ತು.

ಸಂಘ ಅಕ್ಕನೇ ಕಟ್ಟಿದ್ದು. ಅದಕ್ಕೆ ಮೊದಲು ಬೈಕಿಗೆ ಕ್ಯಾನು ಕಟ್ಟಿಕೊಂಡು ಬರುವ ಹಾಲಿನವನೊಬ್ಬ ಕಣ್ಣಳತೆಯಲ್ಲೇ ಹಾಲು ಕೊಂಡು, ದುಡ್ಡನ್ನು ಟೀ ಅಂಗಡಿಯ ಮುಂದೆ ಕೂತ ಗಂಡಸರ ಕೈಗೆ ಕೊಟ್ಟು ಹೋಗುತ್ತಿದ್ದನಂತೆ. ಹಸು ತೊಳೆದವಳು, ಮೇವು ಹೊತ್ತವಳು, ಹಾಲು ಕರೆದವಳು, ಎಲ್ಲರದೂ ಖಾಲಿ ಕೈ. ಅಕ್ಕ ಮನೆಮನೆ ತಿರುಗಿ ಹೆಂಗಸರನ್ನು ಸೇರಿಸಿದರು. ಅಕ್ಷರ ಬಾರದವರಿಗೆ ಅವರವರ ಹೆಸರು ಬರೆಯುವುದನ್ನಾದರೂ ಕಲಿಸಿದರು. ಈಗ ದುಡ್ಡು ಹಾಲು ಹಾಕಿದವಳ ಖಾತೆಗೇ ಹೋಗುತ್ತದೆ. ಒಂದೇ ತೊಡಕು: ಕ್ಯಾನುಗಳು ತುಂಬದಿದ್ದರೆ ಹಾಲಿನ ವ್ಯಾನು ಆ ಊರಿನ ತಿರುವಿಗೆ ಬರುವುದಿಲ್ಲ. ವ್ಯಾನು ನಿಂತರೆ ಸಂಘವೂ ನಿಂತ ಹಾಗೆ, ಬೈಕಿನವನೇ ಮತ್ತೆ ಗತಿ.

ಅಕ್ಕನಿಗೆ ಚೆಂದದ ಹುಚ್ಚು. ಗೋಡೆಗೆ ಗಿಳಿಹಸಿರು, ಕ್ಯಾನುಗಳ ಕುತ್ತಿಗೆಗೆ ಕೆಂಪು ಪಟ್ಟೆ, ಬಾಗಿಲಲ್ಲಿ ದಿನವೂ ಹೊಸ ರಂಗೋಲಿ. ಆ ಕೋಣೆಯಲ್ಲಿ ಅವರಿಗೆ ಸಹಿಸಲಾಗದ ಒಂದೇ ವಸ್ತುವೆಂದರೆ ನಮ್ಮ ಪ್ರೋಗ್ರಾಂ. ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ಬರೆದಿದ್ದು. ಬೂದು ಹಿನ್ನೆಲೆ, ಚೌಕ ಚೌಕ ಗುಂಡಿಗಳು, ನಡುವೆ ದಪ್ಪ ಕಪ್ಪು ಅಂಕಿ. ರೇಷನ್ ಅಂಗಡಿಯ ಬೋರ್ಡಿನ ಖಾಸಾ ತಮ್ಮ.

"ಈ ಮೊಕಾನ ನಾನು ಬೆಳಿಗ್ಗೆ ಸಂಜೆ ನೋಡ್ಬೇಕಲ್ಲಮ್ಮಾ," ಎಂದರು ಒಂದು ದಿನ. "ಎಮ್ಮೆ ತೊಳ್ದಿದ್ ನೀರಂಗೈತೆ ಬಣ್ಣ. ಸ್ವಲ್ಪ ಲಕ್ಷಣವಾಗಿ ಮಾಡ್ಕೊಡು."

"ಆಮಾಂಕ್ಕಾ," ಎಂದೆ. ಹೌದು ಅನ್ನಬೇಕಾದಲ್ಲೆಲ್ಲ ನನ್ನ ಬಾಯಿಗೆ ತಮಿಳೇ ಬರುವುದು.

"ನಿನ್ ಆಮಾಂಕ್ಕಾನ ಬಂಗಾರಪೇಟೆ ರೈಲ್ವೇ ಗೇಟಾಗೇ ಬಿಟ್ಟು ಬಾ ಅಂತ ಎಷ್ಟ್ ಸಲ ಹೇಳೋದು?"

ನಿಜ ಹೇಳಬೇಕೆಂದರೆ ಅವರು ಕೇಳಿದ್ದು ನನಗೆ ರೋಗಿ ಬಯಸಿದ್ದೂ ಹಾಲು ಅನ್ನ ಎಂಬಂತಾಯಿತು. ಆ ಬೂದು ಮುಖದ ಮೇಲೆ ನನಗೂ ಸಿಟ್ಟಿತ್ತು. ಬೆಂಗಳೂರಿನ ದೊಡ್ಡ ಕಂಪನಿಗಳ ಪ್ರೋಗ್ರಾಂಗಳು ಹೇಗೆ ಕಾಣುತ್ತವೆ ಎಂದು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ. ಕೂತು ಹೊಸದಾಗಿ ಮಾಡಿದೆ. ಬೆಳ್ಳನೆಯ ಹಿನ್ನೆಲೆ, ಮೂಲೆ ಮಡಿಸಿದಂಥ ದುಂಡು ಗುಂಡಿಗಳು, ತಿಳಿ ಬೂದು ಬಣ್ಣದ ನವಿರಾದ ಅಕ್ಷರ, ಎಲ್ಲಕ್ಕೂ ಸುತ್ತ ಉಸಿರಾಡಲು ಜಾಗ. ಅಕ್ಕ ಹತ್ತಿರ ಕೂತು ಒಂದೊಂದಕ್ಕೂ ತಲೆಯಾಡಿಸಿದರು. ಕೊನೆಗೆ ಗೋಡೆಯ ಕ್ಯಾಲೆಂಡರ್ ತೋರಿಸಿ, ನಡುವೆ ಆ ಹಸು ಬರಬೇಕು ಎಂದರು. ಯಾವುದೋ ದೇಶದ ಹಸಿರು ಬಯಲಿನಲ್ಲಿ ನಿಂತ, ಮೈ ತೊಳೆದು ಎಣ್ಣೆ ಹಚ್ಚಿದಂಥ ಸೀಮೆಹಸು. ಅದಕ್ಕೂ ಜಾಗ ಮಾಡಿದೆ. ಫ್ಯಾಟಿನ ಅಂಕಿ ಬಲಗಡೆ ಮೇಲಿನ ಮೂಲೆಗೆ ಹೋಯಿತು.

ಯುಗಾದಿಗೆ ತೆಂಗಿನಕಾಯಿ ಒಡೆದು ಹೊಸ ಪರದೆ ಶುರುವಾಯಿತು. ಎಲ್ಲರೂ ಬಂದು ನೋಡಿದರು. "ಸಿನಿಮಾ ಇದ್ದಂಗೈತೆ" ಎಂದರು. ಅಕ್ಕ ನನಗೆ ಒಬ್ಬಟ್ಟು ಕಟ್ಟಿಕೊಟ್ಟು ಬಸ್ಸು ಹತ್ತಿಸಿದರು.

ತಿಂಗಳು ತುಂಬುವುದರೊಳಗೆ ಫೋನು ಬಂತು. ಹಾಲು ಇಳಿದಿತ್ತು. ಹೊಸ ಕಂಪ್ಯೂಟರ್ ಬಂದ ಮೇಲೆ ಫ್ಯಾಟ್ ಬರುತ್ತಿಲ್ಲ ಎಂದು ಊರಲ್ಲಿ ಮಾತು. ಮೂಲೆಮನೆ ಅಜ್ಜಿ, ಅಕ್ಕನ ಮಾತಿಗೆ ಮೊಟ್ಟಮೊದಲು ಸಂಘಕ್ಕೆ ಸೇರಿದವರು, ಬೈಕಿನವನಿಗೆ ಹಾಲು ಹಾಕಲು ಶುರುಮಾಡಿದ್ದರು. ಅವರ ಹಿಂದೆ ಇನ್ನೂ ಕೆಲವರು ಹೋಗಿದ್ದರು. ವ್ಯಾನಿನ ಡ್ರೈವರ್ ಕ್ಯಾನಿನೊಳಗೆ ಇಣುಕಿ ನೋಡಿ ಏನೂ ಹೇಳದೆ ಹೋಗುತ್ತಿದ್ದನಂತೆ. ಅಕ್ಕನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ನಾನು ಹೋಗಿ ಎಲ್ಲ ತಪಾಸಣೆ ಮಾಡಿದೆ. ಅಳೆಯುವ ಯಂತ್ರ ಅದೇ. ಲೆಕ್ಕ ಅದೇ. ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಫ್ಯಾಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬದಲಾಗಿದ್ದು ಪರದೆಯ ಚರ್ಮ ಮಾತ್ರ. ನನಗೆ ರೇಗಿತು. ಅಕ್ಕ ನನ್ನನ್ನು ಕರೆದುಕೊಂಡು ನೇರ ಮೂಲೆಮನೆಗೆ ನಡೆದರು. ಅಜ್ಜಿ ಕೊಟ್ಟಿಗೆಯ ಮುಂದೆ ಬೂಸಾ ಕಲಸುತ್ತಿದ್ದರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ.

"ಬಾಗುಂದಿಲೇ ನಿನ್ ಮಿಷನ್ನು," ಎಂದರು ತಲೆ ಎತ್ತದೆ. "ಚೆಂದಾಗೈತೆ. ಆ ಹಸು ಯಾರ್ದಮ್ಮಾ ಅದು?"

"ಯಾರದೂ ಅಲ್ಲ ಅಜ್ಜಿ, ಚಿತ್ರ," ಎಂದೆ.

"ಯಾರ್ದೂ ಅಲ್ದಿದ್ರೆ ನಮ್ ಹಾಲಿನ್ ಮುಂದೆ ಯಾಕ್ ನಿಂತೈತೆ? ಅದರ್ ಕೆಚ್ಚಲು ನೋಡಿದೀಯಾ, ಬಿಂದಿಗೆ ಇದ್ದಂಗೈತೆ. ಅದಕ್ಕೂ ನನ್ ಬಡಕಲು ಹಸೂಗೂ ಜೋಡಿ ನಿಲ್ಸಿ ಅಳೆದ್ರೆ ನನ್ನುದು ನೀರೇ ಅಂತೀರಾ. ಅದರ್ ಲೆಕ್ಕ ಅದಕ್ಕಿರ್ಲಿ, ನಮ್ ಲೆಕ್ಕ ನಮ್ಗೆ."

ಅಕ್ಕ ತುಟಿ ಕಚ್ಚಿ ನಗು ತಡೆದರು. ನನಗೆ ನಗು ಬರಲಿಲ್ಲ. ಅಂಕಿಯಾದರೂ ಮೊದಲಿನ ಹಾಗೇ ಬರುತ್ತಿದೆಯಲ್ಲ, ದಪ್ಪಕ್ಕೆ ಬರೆದರೂ ಸಣ್ಣಕ್ಕೆ ಬರೆದರೂ ನಾಲ್ಕು ನಾಲ್ಕೇ ಅಲ್ಲವೇ ಎಂದು ವಾದಕ್ಕೆ ನಿಂತೆ.

ಅಜ್ಜಿ ಕೈ ಕೊಡವಿಕೊಂಡು ನನ್ನ ಮುಖ ನೋಡಿದರು. "ನಾಕು ನಾಕೇ ಕಣಮ್ಮಾ. ಇಲ್ಲ ಅಂದವ್ರ್ಯಾರು? ಮುಂಚೆ ಅದು ಗಟ್ಟಿಯಾಗ್ ಹೇಳ್ತಿತ್ತು. ಈಗ ಮೂಲೇಗ್ ನಿಂತ್ಕಂಡು ಕಳ್ಳ ಗೊಣಗ್ದಂಗೆ ಗೊಣಗ್ತೈತೆ. ನಿಜ ಹೇಳೋರು ಯಾಕಮ್ಮಾ ಗೊಣಗ್ಬೇಕು?"

ದಾರಿಯುದ್ದಕ್ಕೂ ಅಕ್ಕನಿಗೂ ನನಗೂ ಜಗಳ. ಹಳೆಯದನ್ನೇ ಹಾಕಿಬಿಡೋಣ ಎಂದು ನಾನು ಸೋತು ಹೇಳಿದೆ. ಅವರು ಸುತರಾಂ ಒಪ್ಪಲಿಲ್ಲ. "ಹಟ್ಟಿ ಮುದ್ಕಿ ಮಾತ್ ಕೇಳ್ಕೊಂಡು ಗೋಣಿಚೀಲ ಉಟ್ಕೊಳ್ಲಾ ನಾನು?" ಎಂದರು. ಆ ಪರದೆ ಅವರಿಗೆ ಅಷ್ಟು ಇಷ್ಟವಾಗಿತ್ತು. ಬಾಗಿಲು ತೆಗೆದ ಕೂಡಲೇ ಅದನ್ನು ಹಚ್ಚಿ, ಕಸ ಗುಡಿಸುವಾಗಲೂ ನೋಡುತ್ತಿದ್ದರಂತೆ. ಹಾಗಾದರೆ ಎರಡನ್ನೂ ಎದುರೆದುರು ಇಡೋಣ, ಜನರೇ ನೋಡಿ ತೀರ್ಮಾನಿಸಲಿ ಎಂದೆ.

ಆ ಸಂಜೆ ಯಂತ್ರದ ತಂತಿಯನ್ನು ಕವಲು ಮಾಡಿ ಡೈರಿಯ ಕಂಪ್ಯೂಟರಿಗೂ ನಾನು ತಂದಿದ್ದ ಇನ್ನೊಂದಕ್ಕೂ ಕೊಟ್ಟೆ. ಒಂದರಲ್ಲಿ ಹಳೆಯ ಬೂದು ಮುಖ, ಇನ್ನೊಂದರಲ್ಲಿ ಸೀಮೆಹಸು. ಒಬ್ಬಳು ಹಾಲು ಸುರಿದರೆ ಎರಡರಲ್ಲೂ ಅದೇ ಅಂಕಿ, ಅದೇ ಕ್ಷಣ. ಮೊದಲು ಬಂದವಳು ಅತ್ತ ನೋಡಿದಳು, ಇತ್ತ ನೋಡಿದಳು. "ಎರಡೂ ಒಂದೇ ಐತೆ," ಎಂದು ಒಪ್ಪಿಕೊಂಡಳು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, "ಆದ್ರೂ ನಂದು ಈ ಹಳೇದ್ರಾಗೇ ಬರ್ಕೊಳಕ್ಕಾ," ಎಂದಳು. ಅವಳ ಹಿಂದಿನವಳೂ ಹಾಗೇ. ಅವಳ ಹಿಂದಿನವಳು ಹಳೆಯದರಲ್ಲಿ ಸ್ವಲ್ಪ ಜಾಸ್ತಿಯೇ ಬಂದಿದೆ ಎಂದು ನನ್ನೆದುರಿಗೇ ಸಾಧಿಸಿದಳು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಎಲ್ಲರದೂ ಮುಗಿದ ಮೇಲೆ ಅಕ್ಕ ತಮ್ಮ ಹಸುವಿನ ಹಾಲು ತಂದು ಸುರಿದರು. ಕಾರ್ಯದರ್ಶಿಯಾದರೂ ಅವರು ಯಾವಾಗಲೂ ಸಾಲಿನ ಕೊನೆ. ಸ್ಯಾಂಪಲ್ ತೆಗೆಯಲು ನೆರವಾಗುತ್ತಿದ್ದ ಹೆಂಗಸು, "ಎಷ್ಟ್ ಬಂತಕ್ಕಾ?" ಎಂದು ಕೇಳಿದಳು. ಅಕ್ಕ ಅಂಕಿ ಓದಿ ಹೇಳಿದರು. ಹೇಳಿದವರು ಹಾಗೇ ನಿಂತುಬಿಟ್ಟರು.

"ಇವಳೇ," ಎಂದರು ನನಗೆ, "ನಾನ್ ಎಲ್ಲಿ ನೋಡ್ದೆ?"

ಅವರು ಓದಿದ್ದು ಬೂದು ಪರದೆಯನ್ನು. ತಮ್ಮ ಹಾಲು ಎಂದಾಗ ಅವರ ಕಣ್ಣೂ ಅಲ್ಲಿಗೇ ಹೋಗಿತ್ತು.

ಜೋರಾಗಿ ನಕ್ಕರು. ಆಮೇಲೆ ಕವುಚಿ ಹಾಕಿದ್ದ ಕ್ಯಾನಿನ ಮೇಲೆ ಕೂತು ಸೀಮೆಹಸುವನ್ನೇ ನೋಡಿದರು. ಇಷ್ಟಪಟ್ಟು ತಂದ ಸೀರೆಯನ್ನು ಅಂಗಡಿಗೆ ವಾಪಸು ಕೊಡುವವರ ಮುಖ. ನನಗೆ ಪಾಪ ಅನ್ನಿಸಿತು.

"ಚೆಂದ ಬೇಕಾಗಿದ್ದು ನಂಗೆ," ಎಂದರು. "ಅವ್ರೇನು ಇಲ್ಲಿಗೆ ಚೆಂದ ನೋಡಕ್ ಬತ್ತಾರಾ? ತಾವ್ ತಂದಿದ್ದು ಕಾಣ್ತದಾ ಅಂತ ನೋಡಕ್ ಬತ್ತಾರೆ. ಕಣ್ಣು ಒಪ್ಪಿದ್ ಮೇಲೇ ಕಣಮ್ಮಾ ಮನ್ಸು ಒಪ್ಪೋದು. ತೆಗ್ದಾಕು ಹಸೂನ."

ಆ ವಾರ ಮತ್ತೆ ಮಾಡಿದೆ. ಈ ಸಲ ಅಕ್ಕ ಪಕ್ಕದಲ್ಲಿ ಕೂರಲಿಲ್ಲ. ಸಾಲಿನ ಬಾಲ ಎಲ್ಲಿಗೆ ಬರುತ್ತದೋ ಅಲ್ಲಿ, ಹುಣಸೆ ಮರದ ಬುಡದಲ್ಲಿ ನಿಂತು ಕೂಗಿ ಹೇಳಿದರು. "ಕಾಣಾಕಿಲ್ಲ, ಇನ್ನೂ ದಪ್ಪ!" "ಅಂಕಿ ನಡೂಕ್ ತಾ!" ನನ್ನ ನವಿರಾದ ಅಕ್ಷರಗಳೆಲ್ಲ ಒಂದೊಂದಾಗಿ ಮೈಕೈ ತುಂಬಿಕೊಂಡವು. ಬಿಳಿಯ ಮೇಲೆ ಕಪ್ಪು, ಬೇರೆ ಬಣ್ಣವಿಲ್ಲ. ಕೊನೆಗೆ ಮರದಡಿಯಿಂದ ಒಳಗೆ ಬಂದು ಒಂದು ಮಾತು ಸೇರಿಸಿದರು. ಅಲ್ಲಿಯವರೆಗೆ ಹಳೆಯ ಪರದೆಯಲ್ಲಾಗಲಿ ಹೊಸದರಲ್ಲಾಗಲಿ ಸದಸ್ಯರ ನಂಬರ್ ಮಾತ್ರ ಬರುತ್ತಿತ್ತು.

"ಮೇಲ್ಗಡೆ ಹೆಸ್ರು ಹಾಕು. ದೊಡ್ಡುದಾಗಿ. ಮೊದ್ಲು ಆಯಮ್ಮ ಬರ್ಲಿ, ಆಮೇಲೆ ಹಾಲು ಬರ್ಲಿ."

ಅಜ್ಜಿಯನ್ನು ಕರೆಯಲು ಒಬ್ಬರೇ ಹೋದರು. ಏನು ಹೇಳಿದರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಸ್ಟೀಲಿನ ಪಾತ್ರೆ ಹಿಡಿದು ಸಾಲಿನಲ್ಲಿದ್ದರು. ಮುಖ ಗಂಟು ಹಾಕಿಕೊಂಡೇ ಹಾಲು ಸುರಿದರು. ಪರದೆಯ ಮೇಲೆ ಅವರ ಹೆಸರು ಬಂತು. ಅಕ್ಷರಮಾಲೆಯಲ್ಲಿ ಅಜ್ಜಿಗೆ ಗೊತ್ತಿದ್ದದ್ದು ಅಕ್ಕ ಕಲಿಸಿದ ಆ ಒಂದು ಹೆಸರು ಮಾತ್ರ. ಕಿಟಕಿಯ ಸರಳು ಹಿಡಿದು ಹತ್ತಿರ ಬಗ್ಗಿದರು. "ನಾನೇ," ಎಂದರು. ಕೆಳಗೆ ಅಂಕಿ ಬಂತು. ಹಿಂದಿನವಳು ಓದಿ ಹೇಳಿದಳು. "ಊಂ, ಅಷ್ಟಿರ್ತದೆ," ಎಂದು ಅಜ್ಜಿ ಪಾತ್ರೆ ತೊಳೆಯಲು ನಲ್ಲಿಯ ಕಡೆ ಹೋದರು. ಬೈಕಿನವನ ಕಡೆ ಹೋಗಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದರು. ವ್ಯಾನು ನಿಲ್ಲಲಿಲ್ಲ.

ಮನೆಯಲ್ಲಿ ಈ ಕತೆ ಹೇಳಿದಾಗ ಗಣಿಯಲ್ಲಿ ದುಡಿದಿದ್ದ ಅಪ್ಪನಿಗೆ ಏನೂ ಆಶ್ಚರ್ಯವಾಗಲಿಲ್ಲ. ಗಣಿಯೊಳಗೆ ಆಳುಗಳನ್ನು ಹೊತ್ತ ಕೇಜು ಇಳಿಸಲು ಗಂಟೆ ಹೊಡೆಯುತ್ತಿದ್ದರು, ಅದು ಇಂಪಾಗಿರಲಿ ಅಂತ ಯಾರಾದರೂ ಕೇಳಿದ್ದುಂಟಾ, ಕೇಳಿಸಬೇಕು ಅಷ್ಟೇ ಎಂದರು. ಹೌದಪ್ಪಾ ಎಂದೆ. ಆದರೂ ನನಗೆ ಅಕ್ಕನದೇ ಚಿಂತೆ. ಅಪ್ಪನ ಗಂಟೆಗೆ ಇಂಪು ಬೇಕಿರಲಿಲ್ಲ, ಅಕ್ಕನಿಗೆ ಚೆಂದ ಬೇಕಿತ್ತು. ದಿನಕ್ಕೆ ಎರಡು ಹೊತ್ತು, ವರ್ಷದ ಅಷ್ಟೂ ದಿನ ಆ ಪರದೆಯ ಮುಂದೆ ಕೂರುವವರು ಅವರು. ಅವರ ಬಯಕೆಯೂ ಸುಳ್ಳಲ್ಲವಲ್ಲ.

ಹಾಗಾಗಿ ಮುಂದಿನ ಸಲ ಹೋದಾಗ ಅವರಿಗೆ ಹೇಳದೆ ಒಂದು ಕೆಲಸ ಮಾಡಿದೆ. ಪ್ರೋಗ್ರಾಂ ತೆರೆದ ಕೂಡಲೇ ಪಾಸ್‌ವರ್ಡ್ ಕೇಳುವ ಪರದೆ ಒಂದಿದೆ. ಅದನ್ನು ಕಾರ್ಯದರ್ಶಿ ಬಿಟ್ಟು ಬೇರೆ ಯಾರೂ ನೋಡುವುದಿಲ್ಲ. ಆಗಿನ್ನೂ ಕಿಟಕಿ ತೆರೆದಿರುವುದಿಲ್ಲ. ಅದನ್ನು ಪೂರ್ತಿ ಅಕ್ಕನ ರುಚಿಗೆ ತಕ್ಕಂತೆ ಮಾಡಿದೆ. ದುಂಡು ಮೂಲೆಗಳು, ನವಿರು ಅಕ್ಷರ, ಸುತ್ತಲೂ ಕನಕಾಂಬರದ ದಂಡೆ. ಮರುದಿನ ಫೋನಿನಲ್ಲಿ ಬೈದರು. "ವಯಸ್ಸಾದೋಳಿಗೆ ಹೂವು ಮುಡುಸ್ತೀಯಾ ಕೋತಿ!" ದನಿಯಲ್ಲಿ ಸಂತೋಷ ತುಳುಕುತ್ತಿತ್ತು.

ಅಲ್ಲಿಂದ ನಮ್ಮದು ಕೆಲಸದ ನಂಟಾಗಿ ಉಳಿಯಲಿಲ್ಲ. ಸೊಸೆಯ ಫೋನಿನಲ್ಲಿ ಹೊಸ ಆ್ಯಪ್ ಏನು ಬಂದರೂ ಹೆಣ್ಣು ನೋಡಲು ಹೋದವರ ಹಾಗೆ ಅಕ್ಕ ಅದನ್ನು ತಿರುವಿ ತಿರುವಿ ನೋಡಿ ನನಗೆ ವರದಿ ಕೊಡುತ್ತಿದ್ದರು. "ಇದು ನಗ್‌ನಗ್ತಾ ಜೇಬಿಗ್ ಕೈ ಹಾಕೋ ಮೊಕ." "ಇದಕ್ಕೆ ಗರ್ವ ಜಾಸ್ತಿ, ಕೇಳಿದ್ದುಕ್ಕೆ ಉತ್ರ ಕೊಡಾಕಿಲ್ಲ." ಒಮ್ಮೆ ಯಾರೋ ಬಂದು, ಹಾಲು ಜಾಸ್ತಿ ಹಾಕಿದವರಿಗೆ ಪರದೆಯಲ್ಲಿ ಪಟಾಕಿ ಸಿಡಿಯುವ ಪ್ರೋಗ್ರಾಂ ಪುಕ್ಕಟೆ ಕೊಡುತ್ತೇವೆ ಎಂದರಂತೆ. "ಒಂದೇ ಹಸು ಇರೋಳಿಗೆ ಏನಪ್ಪಾ ಸಿಡಿಸ್ತೀರಾ?" ಎಂದು ಕೇಳಿ, ಮಜ್ಜಿಗೆ ಕೊಟ್ಟು ಕಳಿಸಿದರಂತೆ. ಅವರ ತೀರ್ಪುಗಳೆಲ್ಲ ಸರಿಯಿರುತ್ತಿದ್ದವು ಎನ್ನಲಾರೆ. ಒಳ್ಳೆಯ ಎಷ್ಟೋ ಆ್ಯಪುಗಳನ್ನು ಬಣ್ಣ ಹಿಡಿಸಲಿಲ್ಲವೆಂದು ದೂರವಿಟ್ಟು ಸೊಸೆಯ ಕೈಲಿ ಬೈಸಿಕೊಂಡರು.

ನನಗಂತೂ ಒಂದು ಅಭ್ಯಾಸ ಅಂಟಿತು. ಇಂದಿಗೂ ಯಾವ ಊರಿಗೆ ಹೊಸ ಪರದೆ ಹಾಕಲು ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೇನೆ. ನಮ್ಮ ಕಂಪನಿಯವರು ಇದಕ್ಕೆ ನಗುತ್ತಾರೆ. ನನ್ನ ಕೆಲಸ ಎಂದು ನಾನೀಗ ಯಾವುದನ್ನು ಕರೆಯುತ್ತೇನೋ ಅದು ಆ ಹುಣಸೆ ಮರದಡಿಯಿಂದ ಕೂಗಿ ಹೇಳಿಸಿಕೊಂಡದ್ದು.

ಹೋದ ಸುಗ್ಗಿಯ ಹೊತ್ತಿಗೆ ಅಕ್ಕನಿಗೆ ಎದೆ ನೋವು ಬಂತು. ಕೋಲಾರಕ್ಕೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟರು. ಅವರು ಹೋದ ಸಂಜೆಯೂ ಡೈರಿಯಲ್ಲಿ ಹಾಲು ಹಿಡಿದರು. ಹಸುವಿಗೆ ಸೂತಕ ಗೊತ್ತಾಗುವುದಿಲ್ಲ. ಅವರ ಮನೆಯ ಹಾಲನ್ನು ಮಾತ್ರ ಕರ್ಮ ಕಳೆಯುವವರೆಗೆ ಡೈರಿಗೆ ತರಲಿಲ್ಲ, ಕೇರಿಯ ಮಕ್ಕಳಿಗೆ ಕೊಟ್ಟರು.

ತಿಥಿಯ ದಿನ ಹೋಗಿದ್ದೆ. ಊಟ ಮುಗಿದು ಸಂಜೆಯಾದಾಗ, ಮನೆಯಲ್ಲಿ ಕೂರಲಾಗದೆ ಡೈರಿಗೆ ಬಂದೆ. ಅಕ್ಕನ ಜೊತೆ ಸ್ಯಾಂಪಲ್ ತೆಗೆಯುತ್ತಿದ್ದ ಹೆಂಗಸೇ ಈಗ ಕಾರ್ಯದರ್ಶಿ. ಅವಳು ಕಂಪ್ಯೂಟರ್ ಹಚ್ಚಿದಳು. ಕನಕಾಂಬರದ ದಂಡೆ ಬಂತು.

"ಇದರಿಂದ ಏನಾನ ಕೆಲ್ಸ ಐತಾ ಅಕ್ಕಾ?" ಎಂದು ನನ್ನನ್ನು ಕೇಳಿದಳು. "ಬರೀ ಹೂವಾ?"

"ಬರೀ ಹೂವು," ಎಂದೆ. "ನಿಂಗೆ ಬೇಡ ಅಂದರೆ ತೆಗೀತೀನಿ."

ಅವಳು ಸ್ವಲ್ಪ ಯೋಚಿಸಿ, "ಇರ್ಲಿ ಬಿಡು," ಎಂದು ಕಿಟಕಿ ತೆರೆದಳು.

ಸಾಲು ಸಾಗಿತು. ಹೆಸರು, ಹಾಲು, ಹೆಸರು, ಹಾಲು. ಎಲ್ಲರದೂ ಆದ ಮೇಲೆ ಅಕ್ಕನ ಸೊಸೆ ಬಂದಳು, ಅತ್ತೆ ನಿಲ್ಲುತ್ತಿದ್ದ ಹಾಗೇ ಕೊನೆಯಲ್ಲಿ. ಸದಸ್ಯತ್ವ ಇನ್ನೂ ಅವಳ ಹೆಸರಿಗೆ ಬದಲಾಗಿರಲಿಲ್ಲ. ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ಹಾಲು ಸುರಿದಳು. ಬಿಳಿಯ ಪರದೆಯ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ ಅಕ್ಕನ ಹೆಸರು ಬಂತು.

ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದವರ ಸದ್ದು ನಿಂತಿತು. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂಲೆಮನೆ ಅಜ್ಜಿ ಇನ್ನೂ ಅಲ್ಲೇ ಇದ್ದರು. ಅವರಿಗೆ ತಮ್ಮ ಹೆಸರೊಂದು ಬಿಟ್ಟರೆ ಬೇರೆ ಓದಲು ಬಾರದು.

"ಯಾರ್ ಹೆಸ್ರದು?" ಎಂದು ಕೇಳಿದರು.

ನಾನೇ ಹೇಳಬೇಕಾಯಿತು. "ಅಕ್ಕಂದು, ಅಜ್ಜಿ."

ಅಜ್ಜಿ ಸರಳು ಹಿಡಿದು ಪರದೆಯ ಹತ್ತಿರ ಬಗ್ಗಿದರು.

"ಗಟ್ಟಿಯಾಗೇ ಹೇಳ್ತೈತೆ," ಎಂದರು.